ನಂದಿಬೆಟ್ಟದ ತಪ್ಪಲಿನಲ್ಲಿ ಹುಟ್ಟಿದ ಮೋಟಾರು ಕನಸು

ದೊಡ್ಡಬಳ್ಳಾಪುರ: ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಮಾರ್ಗಗಳಲ್ಲಿ ಸಂಚರಿಸುವವರಿಗೆ ರಸ್ತೆ ಬದಿಯ ಗ್ಯಾರೇಜುಗಳು ಮತ್ತು ವೆಲ್ಡಿಂಗ್ ಅಂಗಡಿಗಳು ಹೊಸತಲ್ಲ. ಕಲ್ಲುಮುಳ್ಳಿನ ಹಾದಿಯಲ್ಲಿ ಓಡುವ ಟ್ರಕ್ಕಿನ ಅಥವಾ ಜೀಪಿನ ಮುಂಗಾಲಿಯ ಸಸ್ಪೆನ್ಷನ್ ಆರ್ಮ್ ಮುರಿದಾಗ, ಕಂಪನಿಯ ಬಿಡಿಭಾಗ ಕೊಳ್ಳಲು ಕೈಯಲ್ಲಿ ಹಣವಿಲ್ಲದ ಮಾಲೀಕನು ಮೊರೆಹೋಗುವುದು ಇಂತಹ ಅಂಗಡಿಗಳಿಗೇ.

ನೋಡಲು ಅದು ಒಂದು ತುಂಡು ಉಕ್ಕು ಮಾತ್ರ. ಒಂದು ತುದಿ ಬುಷ್ ಮೂಲಕ ಶಾಸಿಗೆ, ಇನ್ನೊಂದು ತುದಿ ಚಕ್ರದ ಕಡೆಗೆ ಕೂಡಿಕೊಳ್ಳುತ್ತದೆ. ಚಕ್ರ ಮೇಲೆ ಕೆಳಗೆ ಆಡಬೇಕು, ಆದರೆ ಹಿಂದೆ ಮುಂದೆ ಸರಿಯಕೂಡದು. ಎಡಬಲದ ಆರ್ಮ್‌ಗಳ ಅಳತೆ ಕೊಂಚ ಹೆಚ್ಚುಕಡಿಮೆಯಾದರೂ ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ. ಆದ್ದರಿಂದ ಅನುಭವಿ ಕುಶಲಕರ್ಮಿಯು ಮೊದಲು ಅಳತೆಯ ಚೌಕಟ್ಟೊಂದನ್ನು ಮಾಡಿಕೊಂಡು, ಎರಡೂ ಆರ್ಮ್‌ಗಳನ್ನು ಅದರಲ್ಲೇ ಕೂರಿಸಿ, ಬಿಸಿಗೆ ಉಕ್ಕು ಸೊಟ್ಟಗಾಗದಂತೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಅನಂತರ ಪೂರ್ಣ ಬೆಸುಗೆಗೆ ತೊಡಗುತ್ತಾನೆ. ಬೆಸುಗೆ ಬಿಟ್ಟುಕೊಂಡರೆ ಹೋಗುವುದು ಬರಿಯ ದುಡ್ಡಲ್ಲ, ಚಾಲಕನ ಪ್ರಾಣವೂ ಹೋಗಬಹುದು.

ಇಂತಹ ಭಾಗಗಳನ್ನು, ಅಷ್ಟೇ ಏಕೆ, ಇಡೀ ವಾಹನವನ್ನೇ ನಮ್ಮ ನೆಲದಲ್ಲಿ ನಮ್ಮವರೇ ತಯಾರಿಸಬೇಕೆಂದು ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಹಂಬಲಿಸಿದ ಮಹನೀಯರೊಬ್ಬರು ನಮ್ಮ ಜಿಲ್ಲೆಯ ಗಡಿಗೆ ತಾಗಿದಂತಿರುವ ನಂದಿಬೆಟ್ಟದ ತಪ್ಪಲಿನಲ್ಲಿ ಜನಿಸಿದವರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅಣೆಕಟ್ಟೆಯ ಶಿಲ್ಪಿಯಾಗಿ ಅವರನ್ನು ನಾಡು ಬಲ್ಲದು. ಮೋಟಾರು ಕಾರ್ಖಾನೆಗಾಗಿ ಅವರು ಪಟ್ಟ ಪಾಡು ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಬಡತನದಿಂದ ದಿವಾನಗಿರಿಗೆ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದರು. ಅಂದು ಕೋಲಾರ ಜಿಲ್ಲೆಯಲ್ಲಿದ್ದ ಆ ಗ್ರಾಮ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಚಿಕ್ಕಬಳ್ಳಾಪುರದಲ್ಲಿ ಓದಿ ಬೆಂಗಳೂರು ಸೇರಿದರು. ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ಪೂರೈಸಿ, 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ತೂಬುಬಾಗಿಲುಗಳು 1903ರಲ್ಲಿ ಅಳವಡಿಕೆಯಾದವು. ನೀರು ಮಿತಿ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುತ್ತಿದ್ದ ಆ ಬಾಗಿಲುಗಳಿಂದ ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸುವುದು ಸಾಧ್ಯವಾಯಿತು. ಇರುವುದನ್ನು ಕೆಡವದೆ, ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ತೆಗೆಯುವ ಗುಣ ಅಲ್ಲಿಯೇ ಗೋಚರಿಸುತ್ತದೆ.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಆಮದು ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಲಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು.

ಭದ್ರಾವತಿಯ ಬೆಂಕಿಪರೀಕ್ಷೆ

ವಾಹನವಾಗಲಿ ಯಂತ್ರವಾಗಲಿ ಆಗಬೇಕಾದರೆ ಮೊದಲು ಕಬ್ಬಿಣ ಬೇಕು. ಅದಕ್ಕಾಗಿ ಕೈಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವ ವೇಳೆಗೆ ಯುದ್ಧಾನಂತರದ ಬೆಲೆ ಕುಸಿತ ಎದುರಾಗಿತ್ತು. ಕಾರ್ಖಾನೆ ನಷ್ಟದ ಸುಳಿಗೆ ಸಿಲುಕಿತು. ದಿವಾನಗಿರಿ ತ್ಯಜಿಸಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಮತ್ತೆ ಕರೆಯಿತು. 1923ರಿಂದ 1929ರವರೆಗೆ ಅವರು ಅಧ್ಯಕ್ಷರಾಗಿ ಖರ್ಚು ತಗ್ಗಿಸಿ, ಸ್ಥಳೀಯರಿಗೆ ತರಬೇತಿ ನೀಡಿ ಕಾರ್ಖಾನೆಯನ್ನು ದಡ ಸೇರಿಸಿದರು. ನಂತರದ ದಶಕಗಳಲ್ಲಿ ಅದೇ ಭದ್ರಾವತಿಯಿಂದ ಮಿಶ್ರಲೋಹದ ಉಕ್ಕೂ ಹೊರಬಂದಿತು.

ಕೈತಪ್ಪಿದ ಕಾರ್ಖಾನೆ

ಆ ಕಾಲದಲ್ಲಿ ದೇಶದಲ್ಲಿ ಮೋಟಾರು ವಾಹನ ತಯಾರಾಗುತ್ತಿರಲಿಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿ ಮುಂಬೈಯಲ್ಲಿ ತೆರೆದ ಘಟಕದಲ್ಲಿ ಹೊರದೇಶದಿಂದ ಬಂದ ಬಿಡಿಭಾಗಗಳ ಜೋಡಣೆಯಷ್ಟೇ ನಡೆಯುತ್ತಿತ್ತು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂಬುದನ್ನು ವಿಶ್ವೇಶ್ವರಯ್ಯನವರು ಸ್ಪಷ್ಟವಾಗಿ ಮನಗಂಡಿದ್ದರು. ಎಪ್ಪತ್ತು ದಾಟಿದ್ದ ಅವರು 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳಿಗೆ ತೆರಳಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಮರುವರ್ಷ ಕಾರು ಮತ್ತು ಟ್ರಕ್ ತಯಾರಿಕೆಯ ಯೋಜನೆ ಸಿದ್ಧವಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು.

ಆದರೆ ಬ್ರಿಟಿಷ್ ಭಾರತ ಸರ್ಕಾರ ನೆರವಿನ ಭರವಸೆ ನೀಡಲಿಲ್ಲ. ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸಲು ಮೈಸೂರು ಸಂಸ್ಥಾನ ಆಸಕ್ತಿ ತೋರಿದರೂ ಅದು ಕೈಗೂಡಲಿಲ್ಲ. ವಾಲ್‌ಚಂದರೇ ಮುಂದಾಗಿ, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ವಿಮಾನ ಬಂದಿತು, ಮೋಟಾರು ಬರಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈ ಪಾಲಾಯಿತು. ಟ್ರಕ್ ತಯಾರಿಕೆಗೆ ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ ತಲೆಯೆತ್ತಿದ್ದು 1998ರಲ್ಲಿ. ಅಷ್ಟರಲ್ಲಿ ಆರು ದಶಕಗಳು ಕಳೆದಿದ್ದವು.

ಉಳಿದುಕೊಂಡ ಶಾಲೆ

ಕನಸು ಭಗ್ನವಾದರೂ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಸ್ವಂತಕ್ಕೆ ಪಡೆಯದೆ, ಬಡ ಮಕ್ಕಳಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಲು ಸೂಚಿಸಿದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದೇ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ. ಅದಕ್ಕೆ ಇಟ್ಟದ್ದು ಮಹಾರಾಜರ ಹೆಸರನ್ನೇ ಹೊರತು ತಮ್ಮ ಹೆಸರನ್ನಲ್ಲ. ಇಂದು ಪಾಲಿಟೆಕ್ನಿಕ್ ಎನಿಸಿರುವ ಆ ಸಂಸ್ಥೆಯಲ್ಲಿ ಆಟೊಮೊಬೈಲ್ ವಿಭಾಗವೂ ಇದೆ.

1955ರಲ್ಲಿ ಭಾರತರತ್ನ ಅವರನ್ನು ಅರಸಿ ಬಂದಿತು. ನೂರು ವರ್ಷ ತುಂಬಿದ ಬಳಿಕ, 1962ರ ಏಪ್ರಿಲಿನಲ್ಲಿ ಅವರು ಕಣ್ಮುಚ್ಚಿದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆ ನಡೆಯುತ್ತದೆ, ಭಾವಚಿತ್ರಕ್ಕೆ ಹಾರ ಬೀಳುತ್ತದೆ.

ಆದರೆ ಹೆದ್ದಾರಿ ಬದಿಯ ಅಂಗಡಿಯಲ್ಲಿ ಬೆಸುಗೆ ಹಿಡಿದ ಹುಡುಗರಲ್ಲಿ ಅನೇಕರು ಇಂದಿಗೂ ಗುರುವಿನ ಕೈ ನೋಡಿ ಕಲಿತವರೇ. ಯಾವ ಉಕ್ಕು ಎಷ್ಟು ಭಾರ ತಡೆದೀತು, ಯಾವ ಬೆಸುಗೆ ಎಲ್ಲಿ ಬಿಟ್ಟೀತು ಎಂಬ ಲೆಕ್ಕವನ್ನು ಅವರಿಗೆ ಕಲಿಸುವವರು ವಿರಳ. ಸಣ್ಣ ಕಸುಬಿಗೂ ಶಾಸ್ತ್ರ ಬೇಕೆಂದು ತಮ್ಮ ದುಡಿಮೆಯ ಹಣವನ್ನೇ ತೆಗೆದಿಟ್ಟ ಹಿರಿಯರ ನೆನಪು ಹಾರ ತುರಾಯಿಗಳಿಗಷ್ಟೇ ಸೀಮಿತವಾಗದೆ, ತಾಲ್ಲೂಕಿನ ಈ ಗ್ಯಾರೇಜುಗಳ ಬಾಗಿಲಿಗೂ ತಲುಪಬೇಕಿದೆ.