ಶಿವಪುರದ ಧ್ವಜವೂ ದಿವಾನ್ ಮಿರ್ಜಾರೂ

ನಿಡಘಟ್ಟ ದಾಟಿ ಮದ್ದೂರಿನತ್ತ ಸಾಗುವಾಗ ಶಿವಪುರದ ಸತ್ಯಾಗ್ರಹ ಸೌಧ ಎದುರಾಗುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಧ್ವಜ ಏರಿಸಿದವರಷ್ಟೇ ಅಲ್ಲ, ಅದನ್ನು ತಡೆಯಹೊರಟ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕೂಡ.

1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ದಿವಾನರು. ಮಂಡ್ಯ ಸೀಮೆಗೆ ನೀರು ತಂದ ಇರ್ವಿನ್ ನಾಲೆ, ಮಂಡ್ಯದ ಸಕ್ಕರೆ ಕಾರ್ಖಾನೆ ಅವರ ಕಾಲದವು. ಆ ಋಣವನ್ನು ಅಲ್ಲಗಳೆಯಲಾಗದು. ಆದರೆ ಕಟ್ಟುವುದರಲ್ಲಿ ನಿಪುಣರಾದ ಅವರಿಗೆ, ಪ್ರಶ್ನಿಸುವ ಪ್ರಜೆ ಒಗ್ಗಲಿಲ್ಲ.

1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಿ ಬಂಧಿತರಾದರು. ಅಲ್ಲಿ ಗುಂಡು ಹಾರಲಿಲ್ಲ. ಎರಡೇ ವಾರಗಳಲ್ಲಿ, 25ರಂದು, ವಿದುರಾಶ್ವತ್ಥದಲ್ಲಿ ಹಾರಿತು. ಸತ್ತವರು 32 ಮಂದಿ ಎಂದಿತು ಕಾಂಗ್ರೆಸ್. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಅಂಥ ಆಜ್ಞೆಗಳಿಗೆ ಸಹಿ ಹಾಕಿದವನು ನಾನೂ ಹೌದು. ಮೇಜಿನ ಮೇಲೆ ಆ ಕಾಗದ ಬಲು ಹಗುರ.

ಮಿರ್ಜಾ ಹಟಕ್ಕೆ ಬೀಳಲಿಲ್ಲವೆಂಬುದನ್ನೂ ಹೇಳಬೇಕು. ಮೇ ತಿಂಗಳಲ್ಲೇ ಪಟೇಲ್, ಕೃಪಲಾನಿಯವರೊಡನೆ ಒಪ್ಪಂದವಾಯಿತು: ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಬಂಧಿತರ ಬಿಡುಗಡೆ, ರಾಜ್ಯಧ್ವಜದ ಜೊತೆಗೆ ತ್ರಿವರ್ಣ ಧ್ವಜ. ಜವಾಬ್ದಾರಿ ಸರ್ಕಾರವೊಂದೇ ದೊರೆಯಲಿಲ್ಲ.

ಮುಂದೆ ಜೈಪುರ, ಹೈದರಾಬಾದುಗಳ ಆಡಳಿತ ನಡೆಸಿ, 1959ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ, 1947ರ ಅಕ್ಟೋಬರ್‌ನಲ್ಲಿ, ಪೊಲೀಸರ ಬಂದೂಕನ್ನು ದೂರಿದವರ ಕೈಗೇ ಪೊಲೀಸ್ ಇಲಾಖೆ ಬಂದಿತ್ತು. ನಿಷೇಧಾಜ್ಞೆಯ 144ನೇ ಸೆಕ್ಷನ್ ಮಾತ್ರ ಉಳಿಯಿತು. 2024ರ ಜುಲೈಯಿಂದ ಅದರ ಸಂಖ್ಯೆ 163.