ಮೆಕ್ಯಾನಿಕಲ್ ಕನಸಿನವನ ಬಯಾಲಜಿ ಲ್ಯಾಬ್

ಥಾಮಸ್ ಹೆನ್ರಿ ಹಕ್ಸ್‌ಲಿ ಅಂದ್ರೆ ಡಾರ್ವಿನ್ ಪರವಾಗಿ ಜಗಳಕ್ಕೆ ನಿಂತವನು ಅಂತಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 1825ರಲ್ಲಿ ಲಂಡನ್ ಹತ್ತಿರದ ಈಲಿಂಗ್‌ನಲ್ಲಿ ಹುಟ್ಟಿದ ಇವನಿಗೆ ಚಿಕ್ಕಂದಿನಲ್ಲಿ ಇದ್ದ ಆಸೆ ಮೆಕ್ಯಾನಿಕಲ್ ಎಂಜಿನಿಯರ್ ಆಗೋದು! ಶಾಲೆಗೆ ಹೋಗಿದ್ದು ಎರಡೇ ವರ್ಷ. ಕೊನೆಗೆ ವೈದ್ಯಕೀಯ ಕಲಿತು, ಹಡಗಿನಲ್ಲಿ ಸಹಾಯಕ ಸರ್ಜನ್ ಆಗಿ ಆಸ್ಟ್ರೇಲಿಯಾ ಕಡೆ ಹೋಗಿ, ಕಡಲಜೀವಿಗಳನ್ನು ಕೊಯ್ದು ನೋಡಿ ಹೆಸರು ಮಾಡಿದ.

1854ರಲ್ಲಿ ಲಂಡನ್ನಿನ ಗಣಿ ಕಾಲೇಜಿಗೆ ಮೇಷ್ಟ್ರಾಗಿ ಬಂದ. ಪಾಠ ಸೊಗಸಾಗಿತ್ತು, ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರಗಳು ಇನ್ನೂ ಸೊಗಸು. ಆದರೆ ಜರ್ಮಿನ್ ಸ್ಟ್ರೀಟಿನ ಆ ಕಟ್ಟಡದಲ್ಲಿ ಹುಡುಗರು ಕೊಯ್ದು ನೋಡೋಕೆ ಜಾಗವೇ ಇರಲಿಲ್ಲ. ಕಣ್ಣಾರೆ ಕಾಣದೆ ಕಲಿತದ್ದು ಬರೀ ಬಾಯಿಪಾಠ ಅನ್ನೋದು ಅವನ ಕೊರಗು. ಹೀಗೇ 17 ವರ್ಷ ಕಳೆಯಿತು.

1871ರ ಬೇಸಿಗೆಯಲ್ಲಿ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಶಾಲಾ ಶಿಕ್ಷಕರಿಗೆ ಒಂದು ಕೋರ್ಸ್ ನಡೆಸಿದ. ಮೊದಲು ಪಾಠ, ಆಮೇಲೆ ಅದೇ ಜೀವಿ ಪ್ರತಿಯೊಬ್ಬರ ಮೇಜಿನ ಮೇಲೆ, ಪಕ್ಕದಲ್ಲಿ ಮೈಕ್ರೋಸ್ಕೋಪು. ಮೇಜಿನಿಂದ ಮೇಜಿಗೆ ಓಡಾಡಿ ತೋರಿಸೋಕೆ ಮೈಕೆಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್ ಥರದವರು. ಮರುವರ್ಷ ಅಲ್ಲೇ ಕಾಯಂ ಲ್ಯಾಬ್ ಸಿಕ್ಕಿತು.

ಅವನ ಜಾಣತನ ಇದ್ದದ್ದು ಆಯ್ಕೆಯಲ್ಲಿ. ಇಡೀ ಪ್ರಾಣಿಲೋಕ ತೋರಿಸೋಕೆ ಹೋಗಲಿಲ್ಲ. ಯೀಸ್ಟ್, ಅಮೀಬಾ, ಅವರೆ ಜಾತಿಯ ಒಂದು ಗಿಡ, ಸಿಹಿನೀರಿನ ಸೀಗಡಿ, ಕಪ್ಪೆ: ಇಂಥ ಕೆಲವನ್ನೇ ಹಿಡಿದು ಚೆನ್ನಾಗಿ ನೋಡಿಸಿದ. ಎಲ್ಲವೂ ಸುಲಭವಾಗಿ ಸಿಗುವಂಥವು (ಬಜೆಟ್ ಇಲ್ಲದ ಲ್ಯಾಬಿಗೆ ಇದಕ್ಕಿಂತ ಒಳ್ಳೇ ಪ್ಲಾನ್ ಉಂಟಾ?). 1875ರಲ್ಲಿ ಮಾರ್ಟಿನ್ ಎಂಬ ಸಹಾಯಕನ ಜೊತೆ ಇದನ್ನೇ ಪುಸ್ತಕ ಮಾಡಿದ. ಮರುವರ್ಷ ಮಾರ್ಟಿನ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ಗೆ ಪ್ರೊಫೆಸರ್ ಆಗಿ ಹೋದ, ಪದ್ಧತಿಯೂ ಜೊತೆಗೇ ಹೋಯಿತು.

ಹಕ್ಸ್‌ಲಿ ಆರೋಗ್ಯ ಕೆಟ್ಟು 1885ರಲ್ಲಿ ನಿವೃತ್ತನಾದ, ತೀರಿಕೊಂಡದ್ದು 1895ರಲ್ಲಿ. ಅವನ ಕೊನೆಯ ಬ್ಯಾಚಿನಲ್ಲಿ ಕಲಿತ ಒಬ್ಬ ಬಡ ಹುಡುಗ ಮುಂದೆ ಟೈಮ್ ಮಷೀನ್ ಕಾದಂಬರಿ ಬರೆದ ಎಚ್.ಜಿ. ವೆಲ್ಸ್.