ರೂಡಾಲ್ಫ್ ಫಿರ್ಖೋ

ರೂಡಾಲ್ಫ್ ಫಿರ್ಖೋ (13 ಅಕ್ಟೋಬರ್ 1821 – 5 ಸೆಪ್ಟೆಂಬರ್ 1902) ಜರ್ಮನಿಯ ವೈದ್ಯ, ರೋಗವಿಜ್ಞಾನಿ, ಮಾನವಶಾಸ್ತ್ರಜ್ಞ ಮತ್ತು ರಾಜಕಾರಣಿ. ರೋಗದ ಮೂಲವನ್ನು ಜೀವಕೋಶಗಳಲ್ಲಿ ಹುಡುಕಬೇಕೆಂಬ ಕೋಶೀಯ ರೋಗವಿಜ್ಞಾನಕ್ಕೆ ತಳಹದಿ ಹಾಕಿದವರು. ಚರ್ಮದಲ್ಲಿ ಮೂಳೆ ಬೆಳೆಯುವುದನ್ನು ವಿವರಿಸಿದ ಆರಂಭಿಕ ವೈದ್ಯರಲ್ಲಿ ಇವರೂ ಒಬ್ಬರು.

ಆರಂಭಿಕ ಜೀವನ

ಇವರು ಪ್ರಷ್ಯಾದ ಪೊಮೆರೇನಿಯ ಪ್ರಾಂತದ ಶೀವೆಲ್‌ಬೈನ್‌ನಲ್ಲಿ ಜನಿಸಿದರು. ಈ ಪಟ್ಟಣ ಈಗ ಪೋಲೆಂಡಿನಲ್ಲಿದೆ. 1843ರಲ್ಲಿ ಬರ್ಲಿನ್ನಿನಲ್ಲಿ ವೈದ್ಯ ಪದವಿ ಪಡೆದು ಶಾರಿಟೆ ಆಸ್ಪತ್ರೆಯನ್ನು ಸೇರಿದರು. 1847ರಲ್ಲಿ ಬೆನ್ನೊ ರೈನ್‌ಹಾರ್ಟ್ ಅವರೊಡನೆ ರೋಗವಿಜ್ಞಾನದ ಪತ್ರಿಕೆಯೊಂದನ್ನು ಆರಂಭಿಸಿದರು.

1848ರಲ್ಲಿ ಸರ್ಕಾರವು ಟೈಫಸ್ ಪಿಡುಗಿನ ಅಧ್ಯಯನಕ್ಕಾಗಿ ಇವರನ್ನು ಮೇಲಣ ಸೈಲೀಷಿಯಕ್ಕೆ ಕಳುಹಿಸಿತು. ಹಸಿವು, ಬಡತನ ಮತ್ತು ಆಡಳಿತದ ನಿರ್ಲಕ್ಷ್ಯಗಳೇ ಪಿಡುಗಿಗೆ ಕಾರಣವೆಂದು ಇವರು ವರದಿ ನೀಡಿದರು. ಅದೇ ವರ್ಷದ ಕ್ರಾಂತಿಯಲ್ಲಿ ಭಾಗವಹಿಸಿದ್ದರಿಂದ ಹುದ್ದೆಗೆ ಕುತ್ತು ಬಂದಿತು. 1849ರಲ್ಲಿ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1856ರಲ್ಲಿ ಬರ್ಲಿನ್ನಿಗೆ ಮರಳಿದರು.

ಗಡ್ಡೆಗಳು ಮತ್ತು ಮೂಳೆ

ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆಂಬುದನ್ನು ಇವರ 1858ರ ಗ್ರಂಥ ಪ್ರಚುರಪಡಿಸಿತು. ರಾಬರ್ಟ್ ರೆಮಾಕ್ ಈ ತೀರ್ಮಾನಕ್ಕೆ ಮೊದಲೇ ಬಂದಿದ್ದರು. ಗಡ್ಡೆಗಳನ್ನು ಕುರಿತ ಫಿರ್ಖೋ ಅವರ ಉಪನ್ಯಾಸಗಳು 1863ರಿಂದ 1867ರ ನಡುವೆ ಪ್ರಕಟವಾದವು.

ಅಂಗಾಂಶದಲ್ಲಿ ಸುಣ್ಣದ ಲವಣಗಳು ಶೇಖರವಾಗುವುದು ಬೇರೆ, ನಿಜವಾದ ಮೂಳೆ ರೂಪುಗೊಳ್ಳುವುದು ಬೇರೆ ಎಂಬ ಭೇದವನ್ನು ಇವರು ಒತ್ತಿ ತೋರಿಸಿದರು. ನಿಜವಾದ ಮೂಳೆಯಲ್ಲಿ ಅಸ್ಥಿಕೋಶಗಳಿರುತ್ತವೆ. ಒಂದು ಬಗೆಯ ಅಂಗಾಂಶ ಮತ್ತೊಂದು ಬಗೆಯದಾಗಿ ಮಾರ್ಪಡುವ ಪ್ರಕ್ರಿಯೆಗೆ ಮೆಟಾಪ್ಲೇಸಿಯ ಎಂದು ಹೆಸರು. ಚರ್ಮದ ಸಂಯೋಜಕ ಅಂಗಾಂಶದಲ್ಲಿ ಮೂಳೆ ಮೂಡುವುದನ್ನು ವಿವರಿಸಲು ಈ ಪರಿಕಲ್ಪನೆ ಇಂದಿಗೂ ಬಳಕೆಯಲ್ಲಿದೆ. ಮಚ್ಚೆಯೊಳಗೆ ಮೂಳೆ ಬೆಳೆಯುವ ಸ್ಥಿತಿಯನ್ನು 1911ರಲ್ಲಿ ವಿವರಿಸಿದ ಫ್ರಾನ್ಸಿನ ನಾಂಟಾ ಅವರ ಹೆಸರು ಆ ಸ್ಥಿತಿಗೆ ಉಳಿದಿದೆ. ಕೂದಲಿನ ಬುಡದ ಕೋಶಗಳಿಂದ ಹುಟ್ಟುವ ಪೈಲೊಮೆಟ್ರಿಕೋಮ ಎಂಬ ಗಂಟಿನಲ್ಲಿಯೂ ಮೂಳೆ ಕಾಣಿಸುವುದುಂಟು. ಇವೆರಡೂ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಗಟ್ಟಿಯಾದ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಮುಟ್ಟಿ ನೋಡಿ ಖಚಿತಪಡಿಸಲಾಗದು. ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾಗುತ್ತದೆ. ಈ ಪರೀಕ್ಷಾ ಪದ್ಧತಿ ಬೇರೂರಲು ಫಿರ್ಖೋ ಅವರ ಕಾರ್ಯ ನೆರವಾಯಿತು.

ಸಾರ್ವಜನಿಕ ಜೀವನ

1859ರಲ್ಲಿ ಬರ್ಲಿನ್ ನಗರಸಭೆಯ ಸದಸ್ಯರಾಗಿ, ನಗರದ ಒಳಚರಂಡಿ ವ್ಯವಸ್ಥೆಗಾಗಿ ಶ್ರಮಿಸಿದರು. ಪ್ರಷ್ಯಾದ ಶಾಸನಸಭೆಯಲ್ಲಿ ಬಿಸ್ಮಾರ್ಕ್ ಅವರ ಪ್ರಬಲ ವಿರೋಧಿಯಾಗಿದ್ದರು. 1880ರಿಂದ 1893ರವರೆಗೆ ಜರ್ಮನ್ ಸಂಸತ್ತಿನ ಸದಸ್ಯರಾಗಿದ್ದರು.

ಇವರ ಎಲ್ಲ ನಿಲುವುಗಳೂ ಸರಿಯಾಗಿರಲಿಲ್ಲ. ನಿಯಾಂಡರ್ತಾಲ್ ಮಾನವನ ಅಸ್ಥಿಗಳ ವಿಶಿಷ್ಟ ಆಕಾರಕ್ಕೆ ರೋಗವೇ ಕಾರಣವೆಂದು ಭಾವಿಸಿದ್ದರು.

ನಿಧನ

1892ರಲ್ಲಿ ಇವರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ದೊರೆಯಿತು. 1902ರ ಜನವರಿಯಲ್ಲಿ ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪೂರ್ಣವಾಗಿ ಚೇತರಿಸಿಕೊಳ್ಳದೆ ಅದೇ ವರ್ಷದ ಸೆಪ್ಟೆಂಬರ್ 5ರಂದು ಬರ್ಲಿನ್ನಿನಲ್ಲಿ ನಿಧನರಾದರು.